ಎಐ ಏಜೆಂಟಿಗೆ ನೆಟ್‌ವರ್ಕ್ ಒಪ್ಪಿಸುವ ಮುನ್ನ: ಯಾವ ಬಗೆಯ ದಾಖಲೆ ಯಾರಿಗೆ ಹೊಂದುತ್ತದೆ

ನೆಟ್‌ವರ್ಕ್ ನೋಡಿಕೊಳ್ಳುವವರು ಈಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ರೂಟರ್, ಸ್ವಿಚ್, ಮಾನಿಟರಿಂಗ್ ವ್ಯವಸ್ಥೆಗಳನ್ನು ಬಳಸಿ ಕೆಲಸ ಮಾಡುವ ಎಐ ಏಜೆಂಟೊಂದನ್ನು ಸಿದ್ಧಪಡಿಸಬೇಕೆಂದು ಮೇಲಿನವರು ಹೇಳಿದ್ದಾರೆ. ನಮ್ಮಲ್ಲಿರುವ ಟೂಲ್‌ಗಳ ಪರಿಚಯವನ್ನು ಅದಕ್ಕೆ ಯಾವ ರೂಪದಲ್ಲಿ ಕೊಡಬೇಕು? ಮಾರ್ಕ್‌ಡೌನ್ ಕಡತಗಳನ್ನು (ಸರಳ ಗುರುತುಗಳಿರುವ ಪಠ್ಯ) ಬರೆದಿಟ್ಟರೆ ಸಾಕೇ, ಓಪನ್‌ಎಪಿಐ ವಿವರಣೆಯನ್ನು (ಪ್ರೋಗ್ರಾಮ್‌ಗಳು ಒಂದು ವ್ಯವಸ್ಥೆಯನ್ನು ಬಳಸುವ ಬಾಗಿಲಾದ ಎಪಿಐಯನ್ನು ಯಂತ್ರ ಓದುವಂತೆ ವಿವರಿಸಿದ್ದು) ಹಾಗೆಯೇ ಕೊಡಬಹುದೇ, ಯಾಂಗ್ ಮಾದರಿಗಳ (ಸಾಧನದ ಸಂರಚನೆ ಹೇಗಿರಬೇಕೆಂದು ಹೇಳುವ ನಕ್ಷೆಗಳು) ಮೇಲೆ ಕಟ್ಟಬೇಕೇ, ಇಲ್ಲವೇ ಎಂಸಿಪಿ ಸರ್ವರ್ (ಏಜೆಂಟಿಗೆ ಟೂಲ್‌ಗಳನ್ನು ಒದಗಿಸುವ ತಂತ್ರಾಂಶ) ಬರೆಯಬೇಕೇ? ಇವೆಲ್ಲವೂ ಒಂದೇ ಕೆಲಸದ ಪರ್ಯಾಯಗಳಂತೆ ಕಂಡರೂ ಪ್ರತಿಯೊಂದೂ ಬೇರೆಯದೇ ಸಂಗತಿಯನ್ನು ಹೇಳುತ್ತದೆ, ಬೇರೆಯದೇ ಸಂಗತಿಯನ್ನು ಬಿಟ್ಟುಬಿಡುತ್ತದೆ. ಆಯ್ಕೆಯ ಕಷ್ಟ ಇರುವುದು ಅಲ್ಲಿಯೇ.

ಒಂದು ಉದಾಹರಣೆಯನ್ನು ಮೊದಲೇ ಮುಂದಿಡುತ್ತೇನೆ. ಲೇಖನದುದ್ದಕ್ಕೂ ಅದು ಅಳತೆಗೋಲಾಗಿ ಬರುತ್ತದೆ. ಸಿಸ್ಕೋ ಕಂಪನಿಯ ಐಒಎಸ್ ತಂತ್ರಾಂಶವಿರುವ ಸ್ವಿಚ್‌ನ ಟ್ರಂಕ್ ಪೋರ್ಟ್ ಒಂದರಲ್ಲಿ ಈಗಾಗಲೇ ಹಲವು ವಿಲ್ಯಾನ್‌ಗಳು (ಒಂದೇ ತಂತಿಯಲ್ಲಿ ಬೇರೆಬೇರೆಯಾಗಿ ಸಾಗುವ ಉಪಜಾಲಗಳು) ಹಾದುಹೋಗುತ್ತಿವೆ, ಅವುಗಳ ಜೊತೆಗೆ 20ನೆಯ ವಿಲ್ಯಾನ್ ಸೇರಿಸಬೇಕಿದೆ ಎಂದುಕೊಳ್ಳೋಣ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 20’ ಎಂದು ಕೊಟ್ಟರೆ ಪಟ್ಟಿಗೆ 20 ಸೇರುತ್ತದೆ. ನಡುವಿನ ‘ಆ್ಯಡ್’ ಎಂಬ ಪದ ತಪ್ಪಿದರೆ ಇದ್ದ ಪಟ್ಟಿ ಪೂರ್ತಿ ಅಳಿದು 20 ಮಾತ್ರ ಉಳಿಯುತ್ತದೆ. ಎರಡೂ ವ್ಯಾಕರಣಬದ್ಧ ಆಜ್ಞೆಗಳಾದ್ದರಿಂದ ಸ್ವಿಚ್ ಯಾವ ದೋಷವನ್ನೂ ತೋರಿಸುವುದಿಲ್ಲ. ಆ ಒಂದು ಪದ ಬಿಟ್ಟು ಇಡೀ ಕಟ್ಟಡದ ಸಂಪರ್ಕವನ್ನು ಕಡಿದವರಲ್ಲಿ ನಾನೂ ಒಬ್ಬ. ಅಂದಿನಿಂದ ಇಂದಿನವರೆಗೂ ಆ ಸಾಲನ್ನು ಟೈಪ್ ಮಾಡುವಾಗ ಎಂಟರ್ ಒತ್ತುವ ಮುನ್ನ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಏಜೆಂಟಿಗೆ ಆ ತಡೆ ಇಲ್ಲ. ಅನುಭವಸ್ಥ ಎಂಜಿನಿಯರನ ಕೈಯಲ್ಲಿ ಕುಳಿತಿರುವ ಈ ಭಯವನ್ನು ಎಲ್ಲಿ ಬರೆದಿಡುತ್ತೀರಿ, ಬರೆದದ್ದು ಹಳತಾಗದಂತೆ ಯಾರು ನೋಡಿಕೊಳ್ಳುತ್ತಾರೆ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. ಕಡತದ ರೂಪ ಯಾವುದೆಂಬುದು ಆಮೇಲಿನ ಮಾತು.

ಅಳೆಯಬೇಕಾದ ಗುಣಗಳು

ಮೊದಲನೆಯದು ಪರಿಣಾಮದ ವಿವರ. ಒಂದು ಟೂಲ್ ಏನು ಮಾಡುತ್ತದೆ ಎಂಬುದರ ಜೊತೆಗೆ, ಅದು ಏನನ್ನು ಕೆಡಿಸಬಲ್ಲದು, ಎಷ್ಟು ದೂರದವರೆಗೆ ಕೆಡಿಸಬಲ್ಲದು, ಮಾಡಿದ್ದನ್ನು ಹಿಂದೆಗೆಯಲು ದಾರಿ ಇದೆಯೇ ಎಂಬುದನ್ನು ದಾಖಲೆ ಹೇಳಬೇಕು. ಎರಡನೆಯದು ಪರೀಕ್ಷಿಸುವ ದಾರಿ: ಕೆಲಸ ಆಯಿತೆಂದು ಯಾವ ಆಜ್ಞೆಯ ಯಾವ ಉತ್ತರದಿಂದ ತಿಳಿಯಬೇಕು ಎಂಬುದು ಬರಹದಲ್ಲಿರದಿದ್ದರೆ, ದೋಷಸಂದೇಶ ಬರದಿದ್ದುದನ್ನೇ ಏಜೆಂಟು ಯಶಸ್ಸೆಂದು ಭಾವಿಸುತ್ತದೆ. ಮೂರನೆಯದು ದಾಖಲೆ ನಿಜಸ್ಥಿತಿಯೊಂದಿಗೆ ತಾನಾಗಿಯೇ ಹೊಂದಿಕೊಂಡಿರುತ್ತದೆಯೇ ಎಂಬುದು. ಸಾಫ್ಟ್‌ವೇರಿನಿಂದಲೇ ಹುಟ್ಟುವ ದಾಖಲೆ ಹಳತಾಗುವುದು ಕಡಿಮೆ, ಕೈಯಿಂದ ಬರೆದದ್ದು ಖಂಡಿತ ಹಳತಾಗುತ್ತದೆ. ನಾಲ್ಕನೆಯದು ಗಾತ್ರ, ಏಕೆಂದರೆ ಏಜೆಂಟು ಒಮ್ಮೆಗೆ ಓದಿ ನೆನಪಿನಲ್ಲಿಟ್ಟುಕೊಳ್ಳುವ ಪಠ್ಯಕ್ಕೆ ಮಿತಿಯಿದೆ, ಓದಿಸಿದ ಪ್ರತಿ ಟೋಕನ್ನಿಗೂ (ಪಠ್ಯವನ್ನು ಎಣಿಸುವ ಚಿಕ್ಕ ತುಣುಕು) ಬೆಲೆಯಿದೆ, ಅನಗತ್ಯ ಪಠ್ಯ ಹೆಚ್ಚಿದಷ್ಟೂ ಬೇಕಾದ ಸಾಲು ಕಣ್ತಪ್ಪುವ ಸಾಧ್ಯತೆಯೂ ಹೆಚ್ಚುತ್ತದೆ. ಕೊನೆಯದು ಖರ್ಚು: ಇಲ್ಲಿ ಖರ್ಚೆಂದರೆ ಹಣಕ್ಕಿಂತ ಹೆಚ್ಚಾಗಿ ನಿಮ್ಮ ತಂಡದಲ್ಲಿ ಯಾರ ಸಮಯ, ಯಾವ ಕೌಶಲ ಬೇಕಾಗುತ್ತದೆ ಎಂಬ ಲೆಕ್ಕ.

ಏನನ್ನೂ ಬರೆಯದೆ ಕಮಾಂಡ್ ಲೈನನ್ನೇ ಕೊಡುವುದು

ಏಜೆಂಟಿನ ಮಿದುಳಾದ ದೊಡ್ಡ ಭಾಷಾ ಮಾದರಿಗಳು ತರಬೇತಿಯಲ್ಲೇ ಸಾಕಷ್ಟು ನೆಟ್‌ವರ್ಕ್ ಕೈಪಿಡಿಗಳನ್ನು ಓದಿರುತ್ತವೆ. ಹಾಗಾಗಿ ದೂರದಿಂದ ಸಾಧನದೊಳಗೆ ಹೋಗಲು ಒಂದು ಎಸ್‌ಎಸ್‌ಎಚ್ ಖಾತೆ ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂದು ಹಲವರು ಶುರುಮಾಡುತ್ತಾರೆ. ಓದುವ ಕೆಲಸಗಳಿಗೆ ಇದು ನಿಜಕ್ಕೂ ಸಾಕು. ಲಿನಕ್ಸ್‌ನಲ್ಲಿ ‘ಐಪಿ’ ಆಜ್ಞೆಗೆ ‘-ಜೆ’ ಸೇರಿಸಿದರೆ, ಜೂನಿಪರ್ ಸಾಧನಗಳ ಜೂನೋಸ್‌ನಲ್ಲಿ ಶೋ ಆಜ್ಞೆಯ ಕೊನೆಗೆ ‘ಡಿಸ್‌ಪ್ಲೇ ಜೇಸನ್’ ಎಂದರೆ, ಯಂತ್ರ ಸುಲಭವಾಗಿ ಓದುವ ಅಚ್ಚುಕಟ್ಟಾದ ಜೇಸನ್ ರೂಪದ ಉತ್ತರ ಸಿಗುತ್ತದೆ. ಸಂರಚನೆಯ ಕೆಲಸವನ್ನು ಸ್ವಯಂಚಾಲಿತಗೊಳಿಸುವ ಆನ್ಸಿಬಲ್ ಬಳಸುವವರಿಗೆ, ‘-ಜೆ’ ಸೇರಿಸಿದ ‘ಆನ್ಸಿಬಲ್-ಡಾಕ್’ ಪ್ರತಿ ಮಾಡ್ಯೂಲಿನ ವಿವರವನ್ನು ಅದೇ ರೂಪದಲ್ಲಿ ಕೊಡುತ್ತದೆ. ದಾಖಲೆಗಾಗಿ ಒಂದು ದಿನವೂ ವ್ಯಯವಾಗದೆ ಇಷ್ಟು ದೊರೆಯುತ್ತದೆ.

ತೊಡಕು ಬರುವುದು ಆವೃತ್ತಿಗಳಲ್ಲಿ. ಮೈಕ್ರೋಟಿಕ್ ರೂಟರುಗಳ ತಂತ್ರಾಂಶವಾದ ರೂಟರ್‌ಒಎಸ್ 6ರಲ್ಲಿ ಬಿಜಿಪಿ (ಜಾಲಗಳು ಪರಸ್ಪರ ಹಾದಿ ತಿಳಿಸಿಕೊಳ್ಳುವ ವಿಧಾನ) ನೆರೆಯನ್ನು ‘ರೂಟಿಂಗ್ ಬಿಜಿಪಿ ಪಿಯರ್’ ಎಂಬಲ್ಲಿ ಬರೆಯುತ್ತಿದ್ದರು. 7ನೆಯ ಆವೃತ್ತಿಯಲ್ಲಿ ಅದು ‘ಕನೆಕ್ಷನ್’ ಆಯಿತು, ಸುತ್ತಲಿನ ರಚನೆಯೂ ಬದಲಾಯಿತು. ಮಾದರಿ ಎರಡನ್ನೂ ಓದಿರುವುದರಿಂದ ಒಂದರ ಸಾಲನ್ನು ಇನ್ನೊಂದಕ್ಕೆ ಬೆರೆಸಿ ಬಹಳ ಆತ್ಮವಿಶ್ವಾಸದಿಂದ ಬರೆದುಕೊಡುತ್ತದೆ. ಇಂಥ ಬೆರಕೆ ದೋಷಸಂದೇಶ ತಂದರೆ ಪುಣ್ಯ. ಟ್ರಂಕ್ ವಿಲ್ಯಾನ್‌ನ ಸಾಲಿನಂತೆ ಮೌನವಾಗಿ ಒಪ್ಪಿತವಾದರೆ ಕಷ್ಟ. ಹೀಗಾಗಿ ಬರೆಯುವ ಅಧಿಕಾರವಿರುವ ಏಜೆಂಟಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಮಾರ್ಕ್‌ಡೌನ್ ಕಡತಗಳು

ಈ ದಾರಿಯ ಹೊಸ ಹೆಸರುಗಳು ಹಲವು. ಜಾಲತಾಣದ ದಾಖಲೆಗಳ ದಿಕ್ಸೂಚಿಯಾಗಿ ‘ಎಲ್‌ಎಲ್‌ಎಮ್ಸ್ ಡಾಟ್ ಟೆಕ್ಸ್ಟ್’ ಕಡತವನ್ನು ಜೆರೆಮಿ ಹೋವರ್ಡ್ 2024ರ ಸೆಪ್ಟೆಂಬರಿನಲ್ಲಿ ಪ್ರಸ್ತಾಪಿಸಿದರು. ಕೋಡ್ ಸಂಗ್ರಹದ ಬುಡದಲ್ಲಿ ಇಡುವ ‘ಏಜೆಂಟ್ಸ್ ಡಾಟ್ ಎಂಡಿ’ 2025ರಲ್ಲಿ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ‘ಸ್ಕಿಲ್ ಡಾಟ್ ಎಂಡಿ’ ಎಂಬ ರೂಪವನ್ನು ಪರಿಚಯಿಸಿತು. ಈ ಕೊನೆಯದರ ವಿಶೇಷವೆಂದರೆ ಏಜೆಂಟು ಮೊದಲು ಪ್ರತಿ ಕಡತದ ಹೆಸರನ್ನೂ ಒಂದೆರಡು ಸಾಲಿನ ಪರಿಚಯವನ್ನೂ ಮಾತ್ರ ಓದಿಕೊಂಡು, ಕೆಲಸಕ್ಕೆ ಬೇಕೆನಿಸಿದಾಗ ಉಳಿದದ್ದನ್ನು ತೆರೆಯುತ್ತದೆ. ಗಾತ್ರದ ಸಮಸ್ಯೆಗೆ ಇದು ಸರಳವಾದ, ಒಳ್ಳೆಯ ಪರಿಹಾರ.

ನಾನು ಈ ಆಯ್ಕೆಯ ಬಗ್ಗೆ ಹೆಚ್ಚು ಹೇಳಲು ಕಾರಣ, ಭಯವನ್ನು ಬರೆದಿಡಲು ಇದಕ್ಕಿಂತ ತಕ್ಕ ಜಾಗವಿಲ್ಲ ಎಂಬುದು. ಟ್ರಂಕ್ ಪೋರ್ಟಿನ ಪುಟ ಹೇಗಿರಬೇಕೆಂದು ನೋಡಿ. ಯಾವ ಸ್ವಿಚ್‌ಗಳಿಗೆ, ಯಾವ ಆವೃತ್ತಿಗೆ ಈ ಪುಟ ಅನ್ವಯಿಸುತ್ತದೆ ಎಂಬುದು ಮೊದಲ ಸಾಲು. ಆಜ್ಞೆ ಕೊಡುವ ಮುನ್ನ ಈಗಿನ ವಿಲ್ಯಾನ್ ಪಟ್ಟಿಯನ್ನು ಓದಿ ಉಳಿಸಿಕೊಳ್ಳಬೇಕು. ‘ಆ್ಯಡ್’ ಇಲ್ಲದ ರೂಪವನ್ನು ಬಳಸಕೂಡದು. ಬಳಸಿದರೆ ಪಟ್ಟಿ ಅಳಿಯುತ್ತದೆ, ದೋಷ ಕಾಣುವುದಿಲ್ಲ. ಆಜ್ಞೆಯ ನಂತರದ ಪಟ್ಟಿ ಹಿಂದಿನ ಪಟ್ಟಿಗಿಂತ ಸರಿಯಾಗಿ ಒಂದು ವಿಲ್ಯಾನ್ ಹೆಚ್ಚಿರಬೇಕು. ಹೆಚ್ಚಿಲ್ಲದಿದ್ದರೆ ಉಳಿಸಿಕೊಂಡ ಪಟ್ಟಿಯನ್ನು ಮರಳಿ ಹಾಕಿ, ಮುಂದುವರಿಯದೆ ಮನುಷ್ಯರಿಗೆ ತಿಳಿಸಬೇಕು. ಏಜೆಂಟು ಬರುವ ಹಾದಿಯೇ ಆ ಟ್ರಂಕ್ ಆಗಿದ್ದರೆ ಈ ಕೆಲಸವನ್ನು ಮಾಡಲೇಕೂಡದು. ಹತ್ತು ಸಾಲು ಮೀರದ ಈ ಪುಟವನ್ನು ಬರೆಯಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಆ ತಪ್ಪನ್ನು ಒಮ್ಮೆ ಮಾಡಿದ, ಇಲ್ಲವೇ ಹತ್ತಿರದಿಂದ ನೋಡಿದ ಮನುಷ್ಯ ಬೇಕು.

ಬಿಡಬೇಕಾದದ್ದನ್ನೂ ಹೇಳಬೇಕು. ಉತ್ಪಾದಕರ ಕೈಪಿಡಿಯಲ್ಲಿ ಇರುವುದನ್ನೇ ನಕಲು ಮಾಡಿ ಪುಟ ತುಂಬಿಸಬೇಡಿ, ಅದು ಮಾದರಿಗೆ ಗೊತ್ತಿರುವುದೇ ಆಗಿರುತ್ತದೆ. ನಿಮ್ಮ ಜಾಲಕ್ಕೆ ಮಾತ್ರ ಸಲ್ಲುವ ಸಂಗತಿಗಳು, ಹೆಸರಿಡುವ ಪದ್ಧತಿ, ಯಾವ ಲಿಂಕ್ ಕಡಿದರೆ ಯಾರಿಗೆ ತೊಂದರೆ, ಯಾವ ಸಾಧನವನ್ನು ಮುಟ್ಟಬಾರದು ಎಂಬಂಥವು ಬೇರೆಲ್ಲೂ ಸಿಗುವುದಿಲ್ಲ, ಬರೆಯಬೇಕಾದದ್ದು ಅವನ್ನೇ. ಪಾಸ್‌ವರ್ಡ್, ಎಸ್‌ಎನ್‌ಎಂಪಿ ಕಮ್ಯುನಿಟಿ ಪದ (ಸಾಧನಗಳ ನಿಗಾಕ್ಕೆ ಬಳಸುವ ಗುಟ್ಟಿನ ಪದ), ಪ್ರವೇಶಕ್ಕೆ ಬಳಸುವ ಟೋಕನ್ ಯಾವುದೂ ಈ ಕಡತಗಳಲ್ಲಿ ಇರಬಾರದು.

ಈ ದಾರಿಯ ಕೊರತೆ ಹಳತಾಗುವುದು. ಸ್ವಿಚ್ ಬದಲಾದ ದಿನ ಪುಟ ತಾನಾಗಿ ಬದಲಾಗುವುದಿಲ್ಲ. ಸಾಧನಗಳ ಸಂರಚನೆ ಇರುವ, ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್ ಸಂಗ್ರಹದಲ್ಲಿಯೇ ಈ ಪುಟಗಳನ್ನೂ ಇಟ್ಟು, ಸಂರಚನೆ ಬದಲಿಸುವವರು ಪುಟವನ್ನೂ ನೋಡಲೇಬೇಕೆಂಬ ನಿಯಮ ಮಾಡಿದರೆ ರೋಗ ಹತೋಟಿಗೆ ಬರುತ್ತದೆ, ಪೂರ್ತಿ ವಾಸಿಯಾಗುವುದಿಲ್ಲ.

ಓಪನ್‌ಎಪಿಐ

ಎಚ್‌ಟಿಟಿಪಿ ಮೂಲಕ ಬಳಸುವ ವ್ಯವಸ್ಥೆಗಳಲ್ಲಿ ಹಲವು ಈ ವಿವರಣೆಯನ್ನು ಸಿದ್ಧವಾಗಿಯೇ ಕೊಡುತ್ತವೆ. 2021ರಲ್ಲಿ ಬಂದ 3.1ನೆಯ ಆವೃತ್ತಿ ಜೇಸನ್ ಸ್ಕೀಮಾದೊಂದಿಗೆ (ದತ್ತಾಂಶದ ಆಕಾರವನ್ನು ಹೇಳುವ ವಿವರಣೆ) ಪೂರ್ತಿ ಹೊಂದಿಕೊಂಡದ್ದರಿಂದ ಅದನ್ನು ಏಜೆಂಟುಗಳ ಟೂಲ್ ವಿವರಣೆಯಾಗಿ ಮಾರ್ಪಡಿಸುವುದೂ ಸುಲಭವಾಗಿದೆ. ಡಿಜಿಟಲ್‌ಓಷನ್ ಸಂಸ್ಥೆ 2016ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ, ಜಾಲದ ಸಾಧನ ಮತ್ತು ವಿಳಾಸಗಳ ಲೆಕ್ಕವಿಡುವ ನೆಟ್‌ಬಾಕ್ಸ್ ಇದಕ್ಕೆ ಒಳ್ಳೆಯ ನಿದರ್ಶನ: ಅದರ ವಿವರಣೆ ಕೋಡಿನಿಂದಲೇ ಹುಟ್ಟುತ್ತದೆ, ಆದ್ದರಿಂದ ನಿಮ್ಮಲ್ಲಿ ನಡೆಯುತ್ತಿರುವ ಆವೃತ್ತಿಗೂ ದಾಖಲೆಗೂ ಅಂತರವಿರುವುದಿಲ್ಲ.

ಆದರೆ ಈ ವಿವರಣೆ ಹೇಳುವುದು ಆಕಾರವನ್ನು, ಫಲವನ್ನು ಹೇಳುವುದಿಲ್ಲ. ನೆಟ್‌ಬಾಕ್ಸ್‌ನಲ್ಲಿ ಪಟ್ಟಿಯ ವಿಳಾಸಕ್ಕೆ ಡಿಲೀಟ್ ಕೋರಿಕೆಯ ಜೊತೆ ಹಲವು ದಾಖಲೆಗಳ ಗುರುತುಸಂಖ್ಯೆಗಳನ್ನು ಕಳಿಸಿದರೆ ಅವೆಲ್ಲವೂ ಒಟ್ಟಿಗೆ ಅಳಿಯುತ್ತವೆ. ಸ್ಕೀಮಾದಲ್ಲಿ ಅದು ಉಳಿದ ಕೋರಿಕೆಗಳ ಸಾಲಿನಲ್ಲೇ, ಅದೇ ಗಾಂಭೀರ್ಯದಲ್ಲಿ ಕುಳಿತಿರುತ್ತದೆ. ಇನ್ನೂ ಮುಖ್ಯವಾದ ಸಂಗತಿ, ನೆಟ್‌ಬಾಕ್ಸ್ ಎಂಬುದು ಜಾಲ ಹೇಗಿರಬೇಕೆಂದು ಬರೆದಿಡುವ ಲೆಕ್ಕದ ಪುಸ್ತಕ. ಅಲ್ಲಿ ಒಂದು ಐಪಿ ವಿಳಾಸವನ್ನು ತಿದ್ದಿದ ಮಾತ್ರಕ್ಕೆ ರೂಟರಿನಲ್ಲಿ ಏನೂ ಬದಲಾಗುವುದಿಲ್ಲ. ನಮಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಸ್ಕೀಮಾ ಓದಿದ ಏಜೆಂಟಿಗೆ ಮಾತ್ರ ಇದನ್ನು ಸ್ಪಷ್ಟವಾಗಿ ಹೇಳಲೇಬೇಕು, ಇಲ್ಲದಿದ್ದರೆ ಪುಸ್ತಕ ತಿದ್ದಿ ಕೆಲಸ ಮುಗಿಯಿತೆಂದು ವರದಿ ಕೊಡುತ್ತದೆ. ಜೊತೆಗೆ ನೂರಾರು ವಿಳಾಸಗಳಿರುವ ಸ್ಕೀಮಾವನ್ನು ಇಡಿಯಾಗಿ ಓದಿಸುವುದು ದುಬಾರಿ. ಬೇಕಾದ ಹತ್ತಿಪ್ಪತ್ತನ್ನು ಆರಿಸಿ ಕೊಡುವ ಕೆಲಸ ನಿಮ್ಮದಾಗುತ್ತದೆ.

ಯಾಂಗ್ ಮಾದರಿಗಳು

ಇಂಟರ್ನೆಟ್ ಆರ್ಕಿಟೆಕ್ಚರ್ ಬೋರ್ಡ್ 2002ರಲ್ಲಿ ನೆಟ್‌ವರ್ಕ್ ನಿರ್ವಹಣೆಯ ಕುರಿತು ನಡೆಸಿದ ಕಾರ್ಯಾಗಾರದಲ್ಲಿ ಜಾಲ ನಡೆಸುವವರು ಮುಂದಿಟ್ಟ ಬೇಡಿಕೆಗಳಲ್ಲೊಂದು, ಸಂರಚನೆಯ ದತ್ತಾಂಶ, ಚಾಲನೆಯ ಸ್ಥಿತಿ ಹಾಗೂ ಅಂಕಿಅಂಶಗಳ ನಡುವೆ ಸ್ಪಷ್ಟ ಗೆರೆ ಇರಬೇಕೆಂಬುದು. ಸಾಧನದ ಸಂರಚನೆಯನ್ನು ಓದುವ, ಬದಲಿಸುವ ವಿಧಾನವಾದ 2006ರ ನೆಟ್‌ಕಾನ್ಫ್, 2010ರ ಯಾಂಗ್, 2016ರ ಯಾಂಗ್ 1.1, ಅದೇ ಕೆಲಸವನ್ನು ಎಚ್‌ಟಿಟಿಪಿ ಮೂಲಕ ಮಾಡುವ 2017ರ ರೆಸ್ಟ್‌ಕಾನ್ಫ್ ಆ ಹಾದಿಯಲ್ಲಿ ಬಂದವು. ಮನುಷ್ಯರಿಗಾಗಿ ಕೇಳಿದ ಆ ಸೌಲಭ್ಯ ಏಜೆಂಟುಗಳಿಗೂ ಹೇಳಿ ಮಾಡಿಸಿದಂತಿದೆ. ಯಾವ ಮೌಲ್ಯವನ್ನು ಬದಲಿಸಬಹುದು, ಯಾವುದನ್ನು ಓದಲಷ್ಟೇ ಸಾಧ್ಯ, ಅದರ ವ್ಯಾಪ್ತಿ ಎಷ್ಟು, ಏಕಮಾನ ಯಾವುದು, ಯಾವ ಷರತ್ತಿಗೆ ಅದು ಒಳಪಟ್ಟಿದೆ ಎಂಬುದೆಲ್ಲ ಯಾಂಗ್ ಮಾದರಿಯೊಳಗೇ ಇರುತ್ತದೆ, ಮತ್ತು ಸಾಧನವೇ ಅದನ್ನು ಜಾರಿಗೆ ತರುತ್ತದೆ.

ಹಿಂದೆಗೆಯುವ ವಿಷಯದಲ್ಲಂತೂ ಇದಕ್ಕೆ ಸಾಟಿಯಿಲ್ಲ. ನೆಟ್‌ಕಾನ್ಫ್‌ನಲ್ಲಿ ಬದಲಾವಣೆಯನ್ನು ಮೊದಲು ಕರಡು ಸಂಗ್ರಹದಲ್ಲಿ ಇಟ್ಟು, ಪರಿಶೀಲಿಸಿ, ಆಮೇಲೆ ಜಾರಿಮಾಡುವ ಕ್ರಮವಿದೆ; ದೃಢೀಕರಣ ಬೇಡುವ ಕಮಿಟ್ (ಜಾರಿಮಾಡುವ ಆಜ್ಞೆ) ಬಳಸಿದರೆ, ಬೇರೆ ಅವಧಿ ಹೇಳದ ಪಕ್ಷದಲ್ಲಿ 600 ಸೆಕೆಂಡಿನೊಳಗೆ ಎರಡನೆಯ ಬಾರಿ ಒಪ್ಪಿಗೆ ಬಾರದಿದ್ದರೆ ಹಳೆಯ ಸಂರಚನೆ ತಾನಾಗಿ ಮರಳುತ್ತದೆ. ಜೂನೋಸ್‌ನ ‘ಕಮಿಟ್ ಕನ್‌ಫರ್ಮ್ಡ್’ ಕೂಡ ಇದೇ ಹತ್ತು ನಿಮಿಷದ ಲೆಕ್ಕದ್ದು. ತಾನು ಕುಳಿತ ಕೊಂಬೆಯನ್ನೇ ಕಡಿದುಕೊಂಡ ಏಜೆಂಟನ್ನು ಉಳಿಸಬಲ್ಲದ್ದು ಇಂಥ ವ್ಯವಸ್ಥೆಯೇ ಹೊರತು ಯಾವ ಬರಹವೂ ಅಲ್ಲ. ಎಲ್ಲ ಸಾಧನಗಳೂ ಈ ಎರಡು ಸೌಲಭ್ಯಗಳನ್ನು ಕೊಡುವುದಿಲ್ಲ ಎಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ತೆರಬೇಕಾದ ಬೆಲೆಯೂ ದೊಡ್ಡದು. ಒಂದೇ ಇಂಟರ್‌ಫೇಸಿಗೆ ಇಂಟರ್ನೆಟ್ ಮಾನಕಗಳ ಸಂಸ್ಥೆಯಾದ ಐಇಟಿಎಫ್‌ನ ಮಾದರಿ, ಜಾಲ ನಡೆಸುವವರ ಗುಂಪಾದ ಓಪನ್‌ಕಾನ್ಫಿಗ್‌ನ ಮಾದರಿ, ಉತ್ಪಾದಕರ ಸ್ವಂತ ಮಾದರಿ ಎಂದು ಮೂರು ಇರಬಹುದು, ಯಾವುದು ಎಷ್ಟರಮಟ್ಟಿಗೆ ಬೆಂಬಲಿತ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ. ಮೂಲ ಕಡತಗಳು ಉದ್ದ. ‘ಪೈಯಾಂಗ್’ ಟೂಲಿನಿಂದ ತೆಗೆದ ಮರದ ರೂಪವನ್ನು ಕೊಟ್ಟರೆ ಗಾತ್ರ ಬಹಳ ಇಳಿಯುತ್ತದೆ, ಆದರೆ ವಿವರಣೆಯ ಸಾಲುಗಳೂ ಅದರೊಂದಿಗೆ ಹೋಗುತ್ತವೆ. ತಂಡದಲ್ಲಿ ಇದನ್ನು ಬಲ್ಲವರು ಇಲ್ಲದಿದ್ದರೆ ಏಜೆಂಟಿನ ನೆಪದಲ್ಲಿ ಇದಕ್ಕೆ ಕೈಹಾಕುವುದು ಬೇಡ.

ಎಂಸಿಪಿ ಸರ್ವರ್

ಆಂಥ್ರೊಪಿಕ್ 2024ರ ನವೆಂಬರಿನಲ್ಲಿ ಪ್ರಕಟಿಸಿದ ಎಂಸಿಪಿ ಎಂಬ ಈ ಸಂವಹನ ನಿಯಮಾವಳಿಯಲ್ಲಿ (ಪ್ರೊಟೊಕಾಲ್) ಪ್ರತಿ ಟೂಲಿಗೂ ಒಂದು ಹೆಸರು, ಒಂದು ವಿವರಣೆ, ಒಳಬರುವ ಮೌಲ್ಯಗಳ ಒಂದು ಸ್ಕೀಮಾ ಇರುತ್ತವೆ. ಇಲ್ಲಿ ದಾಖಲೆ ಮತ್ತು ಟೂಲ್ ಒಂದೇ ಆಗುವುದು ದೊಡ್ಡ ಲಾಭ. ನಮ್ಮ ಉದಾಹರಣೆಯನ್ನೇ ತೆಗೆದುಕೊಂಡರೆ, ‘ಟ್ರಂಕಿಗೆ ವಿಲ್ಯಾನ್ ಸೇರಿಸು’ ಎಂಬ ಟೂಲ್ ಬರೆದು ಅದರೊಳಗೆ ‘ಆ್ಯಡ್’ ಪದವನ್ನು ಕೋಡಿನಲ್ಲಿಯೇ ಇಟ್ಟುಬಿಟ್ಟರೆ, ಏಜೆಂಟು ಆ ಪದವನ್ನು ಮರೆಯುವ ದಾರಿಯೇ ಇರುವುದಿಲ್ಲ. ಎಚ್ಚರಿಕೆಯ ಪುಟ ಹೇಳುವುದನ್ನು ಇಲ್ಲಿ ಕೋಡು ಮಾಡುತ್ತದೆ.

ಈ ಲಾಭ ಸಿಗುವುದು ಟೂಲ್‌ಗಳನ್ನು ಕೆಲಸಗಳ ಸುತ್ತ ಕಟ್ಟಿದಾಗ ಮಾತ್ರ. ಇರುವ ಎಪಿಐಯ ಪ್ರತಿ ವಿಳಾಸವನ್ನೂ ಒಂದೊಂದು ಟೂಲಾಗಿ ಸುತ್ತಿಕೊಟ್ಟರೆ ಓಪನ್‌ಎಪಿಐನ ಕೊರತೆಗಳೆಲ್ಲ ಹಾಗೆಯೇ ಉಳಿದು, ಎಲ್ಲ ಟೂಲ್‌ಗಳ ವಿವರಣೆಯೂ ಏಜೆಂಟಿನ ನೆನಪನ್ನು ತುಂಬುತ್ತದೆ. ‘ಯಾವುದೇ ಆಜ್ಞೆಯನ್ನು ಓಡಿಸು’ ಎಂಬ ಒಂದು ಟೂಲ್ ಮಾತ್ರ ಇಟ್ಟರೆ, ಸರ್ವರ್ ಬರೆದ ಶ್ರಮವೇ ವ್ಯರ್ಥ. ನನ್ನ ಸಲಹೆ: ಓದುವ ಟೂಲ್‌ಗಳು, ಬದಲಾವಣೆಯನ್ನು ಲೆಕ್ಕಹಾಕಿ ವ್ಯತ್ಯಾಸ ತೋರಿಸುವ ಟೂಲ್‌ಗಳು, ಜಾರಿಮಾಡುವ ಟೂಲ್‌ಗಳು ಎಂದು ಮೂರು ಗುಂಪು ಮಾಡಿ, ಮೂರನೆಯದನ್ನು ಮನುಷ್ಯರ ಒಪ್ಪಿಗೆಯ ಹಿಂದೆ ಇಡಿ. ಪೈಥಾನ್ ಬಲ್ಲವರಿಗೆ ನಪಾಮ್ ಲೈಬ್ರರಿಯಲ್ಲಿ ಕರಡು ಹೇರುವ, ವ್ಯತ್ಯಾಸ ಹೋಲಿಸುವ, ಜಾರಿಮಾಡುವ, ಕೈಬಿಡುವ ಹಂತಗಳು ಈಗಾಗಲೇ ಬೇರೆಬೇರೆಯಾಗಿ ಇವೆ.

ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಒಂದು ಟೂಲ್ ಓದಲಷ್ಟೇ ಇರುವುದೇ, ಹಾನಿ ಮಾಡಬಲ್ಲದ್ದೇ ಎಂಬ ಗುರುತುಗಳನ್ನು ಸೇರಿಸಬಹುದು. ಇವು ಸುಳಿವುಗಳಷ್ಟೇ ಎಂದು ನಿಯಮಾವಳಿಯೇ ಹೇಳುತ್ತದೆ. ಹೊರಗಿನವರ ಸರ್ವರ್ ಕೊಟ್ಟ ಗುರುತನ್ನು ನಂಬಿ ಅನುಮತಿ ಕೊಡಬಾರದು. ಹೊರಗಿನ ಸರ್ವರಿನ ಟೂಲ್ ವಿವರಣೆ ಏಜೆಂಟಿನ ಓದಿಗೆ ನೇರವಾಗಿ ಸೇರುವುದರಿಂದ, ಅದರಲ್ಲಿ ಕೆಟ್ಟ ಸೂಚನೆ ಅಡಗಿಸಿಡಲು ಸಾಧ್ಯ ಎಂಬುದೂ ನೆನಪಿರಲಿ.

ಇನ್ನೊಂದು ದಾರಿಯೂ ಇದೆ: ಉತ್ಪಾದಕರ ಕೈಪಿಡಿಗಳನ್ನೆಲ್ಲ ಹುಡುಕುವ ಸಂಗ್ರಹದಲ್ಲಿ ತುಂಬಿ, ಪ್ರಶ್ನೆಗೆ ತಕ್ಕ ತುಣುಕುಗಳನ್ನು ಏಜೆಂಟಿಗೆ ಒದಗಿಸುವುದು. ಅಪರೂಪದ ದೋಷಸಂದೇಶಗಳ ಅರ್ಥ ಹುಡುಕಲು ಇದು ಉಪಯುಕ್ತ. ಆದರೆ ತುಣುಕು ಯಾವ ಆವೃತ್ತಿಯದೆಂಬ ಗುರುತು ಅದರ ಜೊತೆಗೇ ಬಾರದಿದ್ದರೆ ಮೊದಲು ಹೇಳಿದ ಬೆರಕೆಯ ದೋಷವೇ ಮರಳುತ್ತದೆ. ಪೂರಕವಾಗಿ ಸರಿ, ಬುನಾದಿಯಾಗಿ ಸಾಲದು.

ದಾಖಲೆ ತಡೆಯಲಾರದ್ದು

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸೇವೆಗಳು ಸುಮಾರು ಆರು ಗಂಟೆ ನಿಂತವು. ಬೆನ್ನೆಲುಬಿನ ಜಾಲದ ಸಾಮರ್ಥ್ಯವನ್ನು ಅಳೆಯಲು ನಿರ್ವಹಣೆಯ ವೇಳೆ ಕೊಟ್ಟ ಆಜ್ಞೆಯೊಂದು ಅದರ ಸಂಪರ್ಕಗಳನ್ನೆಲ್ಲ ಕಡಿದಿತ್ತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ಪರಿಶೀಲನಾ ಟೂಲಿನಲ್ಲಿ ದೋಷವಿದ್ದುದರಿಂದ ಅದು ತಡೆಯಲಿಲ್ಲ ಎಂದು ಸಂಸ್ಥೆಯೇ ವಿವರಿಸಿತು. ಅಷ್ಟು ದೊಡ್ಡ ಜಾಲದಲ್ಲಿ, ಮನುಷ್ಯರ ಕೈಯಲ್ಲಿ ನಡೆದದ್ದಿದು. ಆದ್ದರಿಂದ ಯಾವ ದಾಖಲೆಯನ್ನು ಆರಿಸಿಕೊಂಡರೂ ಅನುಮತಿಯ ಗೋಡೆ ಬೇರೆಯೇ ಇರಬೇಕು: ನೆಟ್‌ಬಾಕ್ಸ್‌ನಲ್ಲಿ ಬರೆಯುವ ಅಧಿಕಾರವಿಲ್ಲದ ಟೋಕನ್, ರೂಟರ್‌ಒಎಸ್‌ನಲ್ಲಿ ಓದುವ ಗುಂಪಿನ ಬಳಕೆದಾರ, ನೆಟ್‌ಕಾನ್ಫ್‌ನಲ್ಲಿ ಪ್ರವೇಶ ನಿಯಂತ್ರಣದ ನಿಯಮಗಳು, ಬಳಕೆದಾರರ ಅಧಿಕಾರವನ್ನು ನೋಡಿಕೊಳ್ಳುವ ಟಕಾಕ್ಸ್ ಪ್ಲಸ್‌ನಲ್ಲಿ ಆಜ್ಞೆಗಳ ಅನುಮತಿ ಪಟ್ಟಿ. ‘ಇದನ್ನು ಮಾಡಬೇಡ’ ಎಂದು ಬರೆಯುವುದು ಮಾರ್ಗದರ್ಶನ. ಮಾಡಲಾಗದಂತೆ ಮಾಡುವುದು ರಕ್ಷಣೆ. ಇಂಟರ್‌ಫೇಸಿನ ವಿವರಣೆ, ಲಾಗ್ ಸಂದೇಶ, ಎಲ್‌ಎಲ್‌ಡಿಪಿಯಲ್ಲಿ ನೆರೆಯ ಸಾಧನ ಹೇಳುವ ಹೆಸರು ಇವೆಲ್ಲ ಬೇರೆಯವರು ಬರೆಯಬಹುದಾದ ಪಠ್ಯಗಳಾದ್ದರಿಂದ, ಅವುಗಳಲ್ಲಿ ಕಂಡ ಯಾವ ಸೂಚನೆಯನ್ನೂ ಪಾಲಿಸಬಾರದೆಂಬ ಸಾಲನ್ನು ಪ್ರತಿ ದಾಖಲೆಯಲ್ಲಿಯೂ ಬರೆಯಿರಿ.

ಯಾರಿಗೆ ಯಾವುದು

ತಾಲ್ಲೂಕು ಮಟ್ಟದಲ್ಲಿ ಇಂಟರ್ನೆಟ್ ಕೊಡುವ, ಇಬ್ಬರು ಮೂವರು ತಂತ್ರಜ್ಞರಿರುವ, ಬಹುಪಾಲು ಮೈಕ್ರೋಟಿಕ್ ಸಾಧನಗಳ ಮೇಲೆ ನಿಂತ ಸಂಸ್ಥೆಗೆ ನಾನು ಹೇಳುವುದು ಹತ್ತಿಪ್ಪತ್ತು ಮಾರ್ಕ್‌ಡೌನ್ ಪುಟಗಳು ಮತ್ತು ಓದುವ ಅನುಮತಿ ಮಾತ್ರವಿರುವ ಖಾತೆ. ಏಜೆಂಟು ಕಾರಣ ಹುಡುಕಿ ಆಜ್ಞೆ ಬರೆದುಕೊಡಲಿ, ಓಡಿಸುವುದು ಮನುಷ್ಯರ ಕೆಲಸವಾಗಿರಲಿ. ಸಂಪರ್ಕ ಕಡಿದರೆ ಬದಲಾವಣೆಗಳನ್ನು ತಾನಾಗಿ ಹಿಂದೆಗೆಯುವ ರೂಟರ್‌ಒಎಸ್‌ನ ಸೇಫ್ ಮೋಡ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಸೆಷನ್ನಿಗೆ ಅಂಟಿಕೊಂಡ ರಕ್ಷಣೆ. ಪ್ರತಿ ಆಜ್ಞೆಗೂ ಹೊಸ ಸೆಷನ್ ತೆರೆದು ಮುಚ್ಚುವ ಏಜೆಂಟಿಗೆ ಅದು ಒದಗುವುದಿಲ್ಲ.

ಕಾಲೇಜು, ಆಸ್ಪತ್ರೆ, ಮಧ್ಯಮ ಗಾತ್ರದ ಕಂಪನಿಗಳಲ್ಲಿ ಹಲವು ಉತ್ಪಾದಕರ ಸಾಧನಗಳೂ, ಪೈಥಾನ್ ಬರೆಯಬಲ್ಲ ಒಬ್ಬರಾದರೂ ಇರುತ್ತಾರೆ. ಅಲ್ಲಿ ನೆಟ್‌ಬಾಕ್ಸ್‌ನಂಥ ಲೆಕ್ಕದ ಪುಸ್ತಕ, ಹತ್ತು ಹನ್ನೆರಡು ಟೂಲ್‌ಗಳ ಸಣ್ಣ ಎಂಸಿಪಿ ಸರ್ವರ್, ಅದರ ಬೆನ್ನಿಗೆ ಸ್ಥಳೀಯ ಸಂಗತಿಗಳ ಮಾರ್ಕ್‌ಡೌನ್ ಪುಟಗಳು, ಈ ಮೂರರ ಜೋಡಣೆ ಚೆನ್ನಾಗಿ ನಡೆಯುತ್ತದೆ. ಸರ್ವರ್ ಬರೆದವರು ಕೆಲಸ ಬಿಟ್ಟರೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ಮೇಲಿನ ಚಿಕ್ಕ ಸಂಸ್ಥೆಯ ದಾರಿಯಲ್ಲೇ ಇರುವುದು ಕ್ಷೇಮ. ನೂರಾರು ಸಾಧನಗಳ ದೊಡ್ಡ ಜಾಲಗಳಲ್ಲಿ ಬರೆಯುವ ಕೆಲಸ ನೆಟ್‌ಕಾನ್ಫ್ ಮತ್ತು ಯಾಂಗ್ ಮೂಲಕವೇ ನಡೆಯಲಿ, ಏಜೆಂಟಿಗೆ ಕಾಣುವುದು ಅದರ ಮೇಲೆ ಕಟ್ಟಿದ ಎಂಸಿಪಿ ಟೂಲ್‌ಗಳಾಗಿರಲಿ.

ಕನ್ನಡದಲ್ಲಿ ಬರೆಯಬಹುದೇ ಎಂದೂ ಕೇಳುತ್ತಾರೆ. ಆಜ್ಞೆಗಳೂ ಸಾಧನದ ಉತ್ತರಗಳೂ ಇಂಗ್ಲಿಷಿನಲ್ಲಿರುವುದರಿಂದ, ಅದೇ ವಿಷಯಕ್ಕೆ ಕನ್ನಡ ಬರಹ ಸಾಮಾನ್ಯವಾಗಿ ಹೆಚ್ಚು ಟೋಕನ್ ಬೇಡುವುದರಿಂದ, ಏಜೆಂಟು ಓದುವ ಪುಟಗಳನ್ನು ಇಂಗ್ಲಿಷಿನಲ್ಲಿ ಇಡುವುದು ಲಾಭಕರ. ಮನುಷ್ಯರ ಮುಂದೆ ಬರುವ ಒಪ್ಪಿಗೆಯ ಸಂದೇಶ ಮಾತ್ರ ರಾತ್ರಿ ಪಾಳಿಯವರು ಸರಾಗವಾಗಿ ಓದುವ ಭಾಷೆಯಲ್ಲಿರಬೇಕು. ಯಾವ ಬಡಾವಣೆಯ ಸಂಪರ್ಕ ಎಷ್ಟು ಹೊತ್ತು ಕಡಿಯಬಹುದು, ಕೆಟ್ಟರೆ ಮರಳುವ ದಾರಿ ಯಾವುದು ಎಂದು ಕನ್ನಡದಲ್ಲಿ ನೇರವಾಗಿ ಕೇಳಿದರೆ, ಓದದೆ ಒಪ್ಪಿಗೆ ಒತ್ತುವುದು ಕಡಿಮೆಯಾಗುತ್ತದೆ.

ಇಷ್ಟಾದರೂ ಎರಡು ದಾರಿಗಳ ನಡುವೆ ತೂಗುತ್ತಿದ್ದರೆ ನಿಮ್ಮ ಹಳೆಯ ದೂರುಗಳಿಂದಲೇ ಹದಿನೈದು ಪ್ರಸಂಗಗಳನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಮೂರು ನಾಲ್ಕು ಟ್ರಂಕ್ ವಿಲ್ಯಾನ್‌ನಂಥ ಮೌನದ ಬಲೆಗಳಾಗಿರಲಿ, ಒಂದೆರಡು ಏಜೆಂಟು ಮಾಡದೆ ನಿರಾಕರಿಸಬೇಕಾದವು ಆಗಿರಲಿ. ಜಿಎನ್‌ಎಸ್3, ಕಂಟೇನರ್‌ಲ್ಯಾಬ್ ಅಥವಾ ಇಂಟರ್‌ಫೇಸಿಗೆ 1 ಎಂಬಿಪಿಎಸ್ ಮಿತಿಯ ಉಚಿತ ಮೈಕ್ರೋಟಿಕ್ ಸಿಎಚ್‌ಆರ್‌ನಲ್ಲಿ (ಕಂಪ್ಯೂಟರಿನೊಳಗೆ ಓಡುವ ರೂಟರ್‌ಒಎಸ್) ಚಿಕ್ಕ ಪ್ರಯೋಗಜಾಲ ಕಟ್ಟಿ, ಪ್ರತಿ ಪ್ರಸಂಗವನ್ನೂ ದಾಖಲೆಯಿಲ್ಲದೆ ಒಮ್ಮೆ, ದಾಖಲೆಯೊಂದಿಗೆ ಹಲವು ಬಾರಿ ನಡೆಸಿ. ಏಜೆಂಟು ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಒಂದು ಸಲದ ಯಶಸ್ಸನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇದ್ದರೂ ಇಲ್ಲದಿದ್ದರೂ ಫಲಿತಾಂಶ ಬದಲಾಗದ ಪುಟವನ್ನು ತೆಗೆದುಹಾಕಿ. ದಾಖಲೆ ಓದಿದ ಮೇಲೂ ಯಾವ ಬಲೆಗೆ ಬೀಳುತ್ತದೋ ಆ ಕೆಲಸವನ್ನು ಬರಹದಿಂದ ಎತ್ತಿ ಕೋಡಿಗೆ ಇಲ್ಲವೇ ಅನುಮತಿಯ ಪಟ್ಟಿಗೆ ಸಾಗಿಸಿ.